ಸರ್ಪಸುತ್ತು ಮಾಸಿದರೂ ಮಾಸದ ಉರಿ: ನರನೋವಿಗೆ ಹೊಸ ಔಷಧಗಳ ಹುಡುಕಾಟ

ಸರ್ಪಸುತ್ತು ಎಂಬ ಕಾಯಿಲೆಯ ಹೆಸರು ಕೇಳದವರು ನಮ್ಮಲ್ಲಿ ವಿರಳ. ಎದೆಯ ಅಥವಾ ಸೊಂಟದ ಒಂದು ಬದಿಯಲ್ಲಿ ಪಟ್ಟಿಯಂತೆ ನೀರುಗುಳ್ಳೆಗಳು ಏಳುತ್ತವೆ, ಕೆಲವು ವಾರಗಳಲ್ಲಿ ಒಣಗಿ ಹಕ್ಕಳೆ ಉದುರುತ್ತದೆ. ಆದರೆ ಕೆಲವರಿಗೆ, ಮುಖ್ಯವಾಗಿ ವಯಸ್ಸಾದವರಿಗೆ, ಗುಳ್ಳೆ ಹೋದರೂ ನೋವು ಹೋಗುವುದಿಲ್ಲ. ಮೂರು ತಿಂಗಳ ನಂತರವೂ ಉಳಿಯುವ ಈ ನೋವು ಕೆಲವೊಮ್ಮೆ ವರ್ಷಗಟ್ಟಲೆ ಕಾಡುತ್ತದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳನ್ನೇ ತೆಗೆದುಕೊಳ್ಳೋಣ. ಮಳೆ ಕಡಿಮೆಯಿರುವ ಆ ಸೀಮೆಯಲ್ಲಿ ಶೇಂಗಾ ಬೇಸಾಯ, ಕಂಬಳಿ ಮತ್ತು ರೇಷ್ಮೆ ಸೀರೆಯ ನೇಯ್ಗೆ ಅನೇಕರ ಜೀವನಾಧಾರ. ಈ ನರನೋವು ಇದ್ದವರಿಗೆ ಮೈಮೇಲಿನ ಬಟ್ಟೆ ತಾಗಿದರೂ ಕೆಂಡ ಮುಟ್ಟಿದಂತಾಗುತ್ತದೆ. ದಿನವಿಡೀ ಮಗ್ಗದ ಮುಂದೆ ಕೂರುವ ನೇಕಾರರಿಗೆ, ಹೊಲದಲ್ಲಿ ಬಗ್ಗಿ ಶೇಂಗಾ ಕೀಳುವವರಿಗೆ ಇದು ದುಡಿಮೆಯನ್ನೇ ಕಸಿಯುವ ಕಾಯಿಲೆ. ನಮ್ಮ ಕರಾವಳಿಯ ಮೀನುಗಾರರ, ಬೀಡಿ ಕಟ್ಟುವವರ ಪಾಡೂ ಬೇರೆಯಲ್ಲ.

ಹಾವಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಹಿಂದೊಮ್ಮೆ ಬಂದುಹೋದ ಚಿಕನ್‌ಪಾಕ್ಸ್‌ನ ವೈರಾಣು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿರುತ್ತದೆ. ದೇಹದ ರೋಧಶಕ್ತಿ ಕುಗ್ಗಿದಾಗ ಅದು ಎಚ್ಚೆತ್ತು, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಆ ನರ ದೇಹದ ಒಂದೇ ಬದಿಗೆ ಸೇರಿದ್ದು. ಆದ್ದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಮೈ ದಾಟುವುದಿಲ್ಲ. ಸುತ್ತು ಪೂರ್ಣವಾದರೆ ಸಾವು ಎಂಬ ಹೆದರಿಕೆಗೆ ಆಧಾರವಿಲ್ಲ. ವೈರಾಣುವಿನಿಂದ ಗಾಸಿಗೊಂಡ ನರ ಮಾತ್ರ ಸುಮ್ಮನೆ ನೋವಿನ ಸಂದೇಶ ಕಳಿಸುತ್ತಲೇ ಇರುತ್ತದೆ.

ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಮೂರ್ಛೆರೋಗಕ್ಕೆಂದು ಬಂದ ಗ್ಯಾಬಪೆಂಟಿನ್‌ಗೆ ಅಮೆರಿಕದಲ್ಲಿ 2002ರಲ್ಲಿ, ಅದೇ ಜಾತಿಯ ಪ್ರೀಗ್ಯಾಬಲಿನ್‌ಗೆ 2004ರಲ್ಲಿ ಈ ನೋವಿಗಾಗಿ ಒಪ್ಪಿಗೆ ದೊರೆಯಿತು. ಆದರೆ ಗ್ಯಾಬಪೆಂಟಿನ್ ಸೇವಿಸಿದ ಹತ್ತು ಮಂದಿಯಲ್ಲಿ ಸುಮಾರು ಮೂವರಿಗೆ ಮಾತ್ರ ನೋವು ಅರ್ಧಕ್ಕಿಳಿಯುತ್ತದೆ. ತಲೆಸುತ್ತು, ಮಂಪರು ಬರುವುದರಿಂದ ವೃದ್ಧರು ಬೀಳುವ ಭಯವೂ ಇದೆ. ಹೊಸ ಔಷಧಗಳ ಹುಡುಕಾಟ ನಡೆದಿರುವುದು ಇದಕ್ಕಾಗಿಯೇ.

ಒಂದು ದಾರಿ ಮೆಣಸಿನಕಾಯಿಯಿಂದ ಬಂದಿದೆ. ಖಾರದ ಸತ್ವವಾದ ಕ್ಯಾಪ್ಸೈಸಿನ್ ನರದ ಯಾವ ಗ್ರಾಹಕವನ್ನು ತಟ್ಟುತ್ತದೆ ಎಂಬುದನ್ನು ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿತು. ಆ ಬಗೆಯ ಸಂಶೋಧನೆಗೆ ಅವರು 2021ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಶೇ. 8 ಕ್ಯಾಪ್ಸೈಸಿನ್ ಇರುವ ಪಟ್ಟಿಗೆ ಅಮೆರಿಕ 2009ರಲ್ಲಿ ಒಪ್ಪಿಗೆ ನೀಡಿತು. ವೈದ್ಯರ ಕಣ್ಗಾವಲಿನಲ್ಲಿ ಒಂದು ಗಂಟೆ ಅಂಟಿಸಿದರೆ ನೋವಿನ ನರತುದಿಗಳು ಮೂರು ತಿಂಗಳವರೆಗೂ ಮಂಕಾಗಬಹುದು. ಹಾಗೆಂದು ಮನೆಯಲ್ಲಿ ಮೆಣಸು ಅರೆದು ಹಚ್ಚಬಾರದು, ಚರ್ಮ ಸುಟ್ಟೀತು.

ಎಲ್ಲ ಪ್ರಯತ್ನಗಳೂ ಫಲಿಸಿಲ್ಲ. ಇಎಂಎ401 ಎಂಬ ಮಾತ್ರೆ 183 ರೋಗಿಗಳ ಪರೀಕ್ಷೆಯಲ್ಲಿ ಭರವಸೆ ಮೂಡಿಸಿತ್ತು. ಆ ವರದಿ 2014ರಲ್ಲಿ ಪ್ರಕಟವಾಯಿತು. ಆದರೆ ದೀರ್ಘಕಾಲ ಕೊಟ್ಟಾಗ ಪ್ರಾಣಿಗಳ ಯಕೃತ್ತಿಗೆ ಹಾನಿ ಕಂಡುಬಂದದ್ದರಿಂದ 2019ರಲ್ಲಿ ಮುಂದಿನ ಪರೀಕ್ಷೆಯನ್ನು ಕೈಬಿಡಲಾಯಿತು. ಅದೇ ವರ್ಷ ಜಪಾನ್ ಮಿರೋಗ್ಯಾಬಲಿನ್‌ಗೆ ಒಪ್ಪಿಗೆ ಕೊಟ್ಟಿತು. ಅದೂ ಗ್ಯಾಬಪೆಂಟಿನ್ ಜಾತಿಗೇ ಸೇರಿದ್ದು.

ಹೀಗೆ ನೋವು ಬೇರೂರಿದ ಮೇಲೆ ಅದನ್ನು ಕೀಳುವ ಮದ್ದು ಇನ್ನೂ ಸಿಕ್ಕಿಲ್ಲ. ಬರದಂತೆ ತಡೆಯುವುದೇ ಲೇಸು. 50 ದಾಟಿದವರಿಗಾಗಿ ಶಿಂಗ್ರಿಕ್ಸ್ ಲಸಿಕೆ ಭಾರತದಲ್ಲಿ 2023ರಿಂದ ದೊರೆಯುತ್ತಿದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಬೇಕು. ಬೆಲೆ ದುಬಾರಿ, ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ ಎಂಬುದೇ ಬಡವರಿಗಿರುವ ತೊಡಕು.

ಗುಳ್ಳೆ ಕಂಡವರು 72 ಗಂಟೆಯೊಳಗೆ ಅಸೈಕ್ಲೋವಿರ್‌ನಂತಹ ವೈರಾಣು ನಿರೋಧಕ ಮಾತ್ರೆ ಆರಂಭಿಸಿದರೆ ಗುಳ್ಳೆ ಬೇಗ ಒಣಗುತ್ತದೆ, ಆರಂಭದ ನೋವು ತಗ್ಗುತ್ತದೆ. ಕೆಮ್ಮಣ್ಣು ಬಳಿದು ಕಾಯುತ್ತ ಕೂತರೆ ಈ ಮೂರು ದಿನ ಕಳೆದುಹೋಗುತ್ತವೆ. ಕಣ್ಣು, ಮೂಗಿನ ಬಳಿ ಗುಳ್ಳೆ ಎದ್ದರೆ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು.

ರೋಗಿಗಳ ಮನೆಗೆ ಭೇಟಿ ನೀಡುವ ಗುರಿಕಾರರು, ಧರ್ಮಭಗಿನಿಯರು, ಸ್ವಯಂಸೇವಕರು ಇದನ್ನು ಗಮನದಲ್ಲಿಡಬೇಕು. ಗಾಯ ಮಾಸಿದ ಮೇಲೂ ಹಿರಿಯರು ಉರಿಯೆಂದು ನರಳಿದರೆ ಅದು ವಯಸ್ಸಿನ ಹಟವಲ್ಲ. ಅವರ ಮಾತನ್ನು ನಂಬಿ, ವೈದ್ಯರ ಬಳಿ ಕರೆದೊಯ್ಯಿರಿ.