ಅಕ್ಕಿ ಇಲ್ಲದ ದಿನದ ಇಡ್ಲಿ

ಮನೆಯಲ್ಲಿ ಅಕ್ಕಿ ಮುಗಿದಿದೆ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದಿದ್ದಾರೆ. ಅನುಭವಸ್ಥ ಗೃಹಿಣಿಯು ಅಂಗಡಿಯ ಬಾಗಿಲು ತೆರೆಯುವವರೆಗೆ ಕಾಯುತ್ತ ಕೂರುವುದಿಲ್ಲ. ಡಬ್ಬಗಳನ್ನು ತೆರೆದು, ಇರುವುದರಲ್ಲಿಯೇ ಏನು ಮಾಡಬಹುದೆಂದು ನೋಡುತ್ತಾಳೆ. ನಿರ್ವಹಣಾ ಗ್ರಂಥಗಳು ನಾವೀನ್ಯ, ಕಾರ್ಯತಂತ್ರ ಎಂಬ ದೊಡ್ಡ ಹೆಸರುಗಳಿಂದ ವಿವರಿಸುವ ವಿಷಯವು ಮೂಲತಃ ಇದಕ್ಕಿಂತ ಬಹಳ ಭಿನ್ನವಾದುದಲ್ಲ. ಇದಕ್ಕೆ ನಿದರ್ಶನವಾಗಿ ನಾವೆಲ್ಲರೂ ಬಲ್ಲ ಉಪಾಹಾರ ಗೃಹವೊಂದರ ಇತಿಹಾಸವನ್ನು ವ್ಯಾಪಾರಿಯ ಕಣ್ಣಿನಿಂದ ಮತ್ತೊಮ್ಮೆ ನೋಡುವುದು ಉಚಿತ.

ಕೊರತೆಯಿಂದ ಹುಟ್ಟಿದ ತಿಂಡಿ

ಉಡುಪಿ ಸೀಮೆಯ ಪರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಮತ್ತು ಅವರ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೋಟೆಲನ್ನು ಆರಂಭಿಸಿದರು. 1960ರಲ್ಲಿ ಅದು ಮಾವಳ್ಳಿ ಟಿಫಿನ್ ರೂಂಸ್, ಅಂದರೆ ಇಂದಿನ ಎಂ.ಟಿ.ಆರ್. ಆಯಿತು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಜಪಾನೀಯರು ಬರ್ಮಾವನ್ನು ಆಕ್ರಮಿಸಿದಾಗ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿಯಿಲ್ಲ, ಇಡ್ಲಿಯಿಲ್ಲದ ಹೋಟೆಲಿಗೆ ಗಿರಾಕಿಗಳು ಬರುವುದೆಂತು? ಆ ದಿನಗಳಲ್ಲಿ ಗೋಧಿ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ತಮ್ಮಲ್ಲಿ ನಡೆಯಿತೆಂದೂ, ರವೆ ಇಡ್ಲಿ ಹುಟ್ಟಿದ್ದು ಹೀಗೆಂದೂ ಸಂಸ್ಥೆಯು ಹೇಳುತ್ತ ಬಂದಿದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಕ್ಕಿ ಇಡ್ಲಿಗೆ ಅಕ್ಕಿ, ಉದ್ದು ನೆನೆಸಬೇಕು, ರುಬ್ಬಬೇಕು, ಹಿಟ್ಟು ಹುದುಗಲು ರಾತ್ರಿಯಿಡೀ ಕಾಯಬೇಕು. ರವೆ ಇಡ್ಲಿಗೆ ಹುರಿದ ರವೆ, ಒಗ್ಗರಣೆ, ಮೊಸರು, ಚಿಟಿಕೆ ಸೋಡಾ ಸಾಕು. ರುಬ್ಬುವ ಕೆಲಸವೂ ಇಲ್ಲ, ರಾತ್ರಿಯ ಕಾಯುವಿಕೆಯೂ ಇಲ್ಲ. ಕಚ್ಚಾವಸ್ತುವನ್ನು ಬದಲಿಸಹೊರಟಾಗ ತಯಾರಿಕೆಯ ಕ್ರಮವೇ ಬದಲಾಯಿತು. ಈ ಬದಲಾವಣೆಯ ಪೂರ್ಣ ಬೆಲೆ ತಿಳಿಯಲು ಮೂರು ದಶಕಗಳೇ ಬೇಕಾದವು.

ಬಾಗಿಲು ಮುಚ್ಚಿದಾಗ ತೆರೆದ ದಾರಿ

1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ದರವನ್ನು ಸರ್ಕಾರವೇ ನಿಗದಿ ಮಾಡಿತು. ಆ ದರದಲ್ಲಿ ಹಿಂದಿನ ಗುಣಮಟ್ಟವನ್ನು ಕಾಯ್ದುಕೊಂಡರೆ ನಷ್ಟ ಖಚಿತ. ತುಪ್ಪ, ಗೋಡಂಬಿಗಳನ್ನು ಕಡಿಮೆ ಮಾಡಿ ಹೇಗೋ ಸರಿದೂಗಿಸುವ ಮಾರ್ಗ ಯಾರಿಗಾದರೂ ಹೊಳೆಯುವಂಥದೇ. ಮಯ್ಯ ಕುಟುಂಬದವರು ಅದನ್ನು ಒಪ್ಪದೆ ಹೋಟೆಲಿನ ಬಾಗಿಲನ್ನೇ ಮುಚ್ಚಿ, ಸಿದ್ಧ ಮಿಶ್ರಣಗಳ ಮಾರಾಟಕ್ಕೆ ಕೈಹಾಕಿದರು. ಹುದುಗಿದ ಅಕ್ಕಿಹಿಟ್ಟು ಪೊಟ್ಟಣದಲ್ಲಿ ನಿಲ್ಲುವಂಥದಲ್ಲ. ಆದರೆ ರವೆ ಇಡ್ಲಿಯ ಮಿಶ್ರಣ ಒಣಗಿದ್ದು, ತಿಂಗಳುಗಟ್ಟಲೆ ಉಳಿಯುವಂಥದು, ದೂರದ ಊರುಗಳಿಗೂ ಸಾಗುವಂಥದು. ಯುದ್ಧಕಾಲದ ಕೊರತೆಗೆ ಕಂಡುಕೊಂಡ ಪರಿಹಾರವು ಶಾಂತಿಕಾಲದ ಹೊಸ ಉದ್ಯಮಕ್ಕೆ ತಳಹದಿಯಾಯಿತು. ಕೆಲವು ವರ್ಷಗಳ ನಂತರ ಹೋಟೆಲ್ ಪುನಃ ತೆರೆಯಿತು. ಪೊಟ್ಟಣದ ವ್ಯವಹಾರ ಬೆಳೆದು, 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಹೋಟೆಲುಗಳು ಕುಟುಂಬದಲ್ಲಿಯೇ ಉಳಿದವು.

ಇದನ್ನು ಕೇವಲ ಅದೃಷ್ಟವೆಂದು ತಳ್ಳಿಹಾಕಲಾಗದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಪ್ರವಾಸ ಮಾಡಿ, ಅಲ್ಲಿನ ಉಪಾಹಾರ ಗೃಹಗಳ ಸ್ವಚ್ಛತೆಯನ್ನು ಕಂಡು ಬಂದು, ತಮ್ಮ ಅಡುಗೆಮನೆಯಲ್ಲಿಯೂ ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದಿದ್ದರು. ಗಿರಾಕಿಯು ಪೊಟ್ಟಣವನ್ನು ಕೊಂಡಾಗ ಅದರೊಳಗಿನ ರವೆಯ ಜೊತೆಗೆ ಈ ನಂಬಿಕೆಯನ್ನೂ ಕೊಂಡನು.

ಶ್ರೀಗಂಧದ ಪಾಠ

ಇದೇ ತತ್ತ್ವ ಇನ್ನೂ ದೊಡ್ಡ ಪ್ರಮಾಣದಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಕಂಡುಬಂದಿತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಯೂರೋಪಿಗೆ ಹೋಗಬೇಕಾದ ಶ್ರೀಗಂಧದ ಮರ ಇಲ್ಲಿಯೇ ರಾಶಿ ಬಿದ್ದಿತು. ಮರವನ್ನೇ ಮಾರುತ್ತಿದ್ದವರು 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ತೆಗೆಯಲಾರಂಭಿಸಿದರು. 1918ರ ಹೊತ್ತಿಗೆ ಆ ಎಣ್ಣೆಯಿಂದ ಸಾಬೂನು ಬಂದಿತು. ಮಾರುಕಟ್ಟೆ ಮುಚ್ಚಿದ್ದರಿಂದಲೇ ಕಚ್ಚಾವಸ್ತುವಿನ ಮೌಲ್ಯವರ್ಧನೆ ಸಾಧ್ಯವಾಯಿತು.

ನಮ್ಮ ಅಂಗಡಿಗೆ, ನಮ್ಮ ಕಾರ್ಖಾನೆಗೆ

ಈ ಎರಡು ಪ್ರಸಂಗಗಳಿಂದ ಸಣ್ಣ ಉದ್ಯಮಿಗಳು ಗ್ರಹಿಸಬಹುದಾದುದು ಇಷ್ಟು. ಮೊದಲನೆಯದಾಗಿ, ನಮ್ಮ ವ್ಯವಹಾರ ಯಾವ ಒಂದು ವಸ್ತುವಿನ, ಯಾವ ಒಬ್ಬ ಸರಬರಾಜುದಾರನ ಅಥವಾ ಯಾವ ಒಬ್ಬ ದೊಡ್ಡ ಗಿರಾಕಿಯ ಮೇಲೆ ನಿಂತಿದೆ ಎಂಬುದನ್ನು ಸುಭಿಕ್ಷದ ದಿನಗಳಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಅದು ನಾಳೆ ನಿಂತರೆ ಏನು ಮಾಡುವುದೆಂಬ ಪ್ರಯೋಗವನ್ನು ಸಣ್ಣ ಪ್ರಮಾಣದಲ್ಲಿ, ಕಡಿಮೆ ಖರ್ಚಿನಲ್ಲಿ ಇಂದೇ ನಡೆಸಬೇಕು. ಎರಡನೆಯದಾಗಿ, ಅನಿವಾರ್ಯತೆಯಿಂದ ಮಾಡಿದ ಬದಲಾವಣೆಯನ್ನು ಸಂಕಟ ಕಳೆದೊಡನೆ ಮರೆಯಬಾರದು. ಅದರಿಂದ ಸಮಯ ಉಳಿಯಿತೇ, ಸಾಗಣೆ ಸುಲಭವಾಯಿತೇ, ಹೊಸ ಗಿರಾಕಿ ಬಂದನೇ ಎಂದು ಲೆಕ್ಕ ಹಾಕಬೇಕು. ಮೂರನೆಯದಾಗಿ, ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬ ವಿವೇಕ ಬೇಕು. ಮಯ್ಯರು ಅಕ್ಕಿಯನ್ನು ಬಿಟ್ಟರು, ಕೆಲಕಾಲ ಹೋಟೆಲನ್ನೂ ಬಿಟ್ಟರು. ರುಚಿ ಮತ್ತು ಶುಚಿಯನ್ನು ಬಿಡಲಿಲ್ಲ.

ಪ್ರತಿಯೊಂದು ಕೊರತೆಯೂ ಅವಕಾಶವಾಗುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. ಎಷ್ಟೋ ಹೋಟೆಲುಗಳಿಗೆ ಬಾಗಿಲು ಮುಚ್ಚಿದ್ದೇ ಕೊನೆಯಾಗಿರಬಹುದು. ಆದರೆ ಅಕ್ಕಿ ಮುಗಿದ ದಿನ ಯಾವ ಡಬ್ಬದಲ್ಲಿ ಏನಿದೆ ಎಂಬುದನ್ನು ಬಲ್ಲವರಿಗೆ ಒಲೆ ಹಚ್ಚುವ ಧೈರ್ಯವಾದರೂ ಇರುತ್ತದೆ. ಈ ತಿಂಗಳ ದಾಸ್ತಾನು ಎಣಿಸುವಾಗ ನಮ್ಮ ಡಬ್ಬಗಳನ್ನೂ ಒಮ್ಮೆ ತೆರೆದು ನೋಡೋಣ.