ಬೂರುಗದ ದಿಂಬಿಗೆ ಮಳೆಗಾಲದ ಆರೈಕೆ

ಬೆಳುವಾಯಿಯಲ್ಲಿ ಜೂನ್ ಮಳೆ ಹಿಡಿಯಿತೆಂದರೆ ತಲೆದಿಂಬೂ ತಣ್ಣಗೆ, ಭಾರ. ಒಳಗಿರುವುದು ಬೂರುಗದ ಹತ್ತಿಯೇ? ಹಾಗಿದ್ದರೆ ವಾಷಿಂಗ್ ಮೆಷಿನ್‌ಗೆ ಮಾತ್ರ ಹಾಕಬೇಡಿ! ಇದರ ಎಳೆ ಟೊಳ್ಳು. ಅದರಲ್ಲಿರುವ ಗಾಳಿಯೇ ದಿಂಬಿನ ಉಬ್ಬು. ಮೇಲೆ ಮೇಣದ ಲೇಪ ಬೇರೆ. ಸುಲಭಕ್ಕೆ ನೀರು ಹೀರದ ಈ ಹತ್ತಿಯನ್ನು ಎರಡನೇ ಮಹಾಯುದ್ಧದಲ್ಲಿ ಲೈಫ್ ಜಾಕೆಟ್‌ಗೂ ತುಂಬಿದ್ದರು. ಆದರೆ ಹಿಂಡಿ ತಿರುಚಿದರೆ ಎಳೆ ಮುರಿಯುತ್ತದೆ, ಗಂಟು ಕಟ್ಟುತ್ತದೆ. ಕೋಲಿನಲ್ಲಿ ಬಡಿಯುವುದೂ ಬೇಡ, ಅಜ್ಜಿ ಬೈದರೂ ಸರಿ.

ಗವಸು ಮಾತ್ರ ಒಗೆಯಿರಿ. ಬಿಸಿಲು ಕಂಡ ದಿನ ದಿಂಬನ್ನು ಅಂಗಳಕ್ಕೆ ಹಾಕಿ, ನಡುವೆ ಮಗುಚಿ, ಆಮೇಲೆ ಬೆರಳಲ್ಲಿ ಗಂಟು ಬಿಡಿಸಿ. ಬಿಸಿಲೇ ಇಲ್ಲವೇ? ಫ್ಯಾನಿನಡಿ ಇಡಿ. ಬಚ್ಚಲ ಒಲೆಯ ಹತ್ತಿರ ಬೇಡವೇ ಬೇಡ, ಈ ಹತ್ತಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.