ಶಿಶುವಿನ ಕೋಣೆಯ ಸಿದ್ಧತೆ

ನಮ್ಮ ಮಗಳು ಚೊಚ್ಚಲ ಬಾಣಂತನಕ್ಕೆಂದು ಮುಂದಿನ ತಿಂಗಳು ತವರಿಗೆ ಬರತಕ್ಕವಳಿದ್ದಾಳೆ. ಈ ಶುಭವಾರ್ತೆಯು ತಿಳಿದಂದಿನಿಂದ ನಮ್ಮ ನಡುಮನೆಯ ಪಕ್ಕದ ಕೋಣೆಯು ರಣರಂಗವಾಗಿ ಪರಿಣಮಿಸಿದೆ. ಬೆಂಗಳೂರಿನಲ್ಲಿರುವ ಅಳಿಯಂದಿರು ಗೋಡೆಗೆ ಅಂಟಿಸತಕ್ಕ ಆನೆಗಳ ಚಿತ್ರವುಳ್ಳ ಕಾಗದದ ಸುರುಳಿಗಳನ್ನೂ, ಮಗುವಿನ ಮಂಚದ ಸುತ್ತ ಕಟ್ಟುವ ಮೆತ್ತನೆಯ ದಿಂಬುಗಳನ್ನೂ, ಆಳೆತ್ತರದ ಬಟ್ಟೆಯ ಕರಡಿಯೊಂದನ್ನೂ ಮುಂಗಡವಾಗಿಯೇ ಕಳುಹಿಸಿದ್ದಾರೆ. ಎಂಭತ್ತಾರು ವರ್ಷದ ನಮ್ಮ ತಾಯಿಯವರಾದರೋ ಆ ಕೋಣೆಗಿರುವ ಒಂದೇ ಕಿಟಕಿಗೆ ಗೋಣಿತಟ್ಟು ಹೊಡೆಸಬೇಕೆಂದು ಪಟ್ಟು ಹಿಡಿದಿದ್ದಾರೆ. ಇಬ್ಬರ ಪ್ರೀತಿಯಲ್ಲಿಯೂ ನಮಗೆ ಸಂದೇಹವಿಲ್ಲ. ಆದರೆ ಆ ಗೋಣಿತಟ್ಟಿನ ಮಾತು ಕಿವಿಗೆ ಬಿದ್ದಾಗ ನಮ್ಮ ಎದೆಯು ಒಮ್ಮೆ ನಡುಗಿದುದು ನಿಜ.

ಕಾರಣವನ್ನು ಹೇಳುತ್ತೇವೆ. ಮೂವತ್ತೆರಡು ವರ್ಷಗಳ ಹಿಂದೆ ಇದೇ ಮಗಳು ಹಸುಗೂಸಾಗಿ ಮಲಗಿದ್ದುದು ಇದೇ ಕೋಣೆಯಲ್ಲಿ. ನಮ್ಮ ಮನೆಯಾಕೆಗೆ ತವರಿನಲ್ಲಿ ತಾಯಿಯಿಲ್ಲದ ಕಾರಣ ಬಾಣಂತನವು ನಮ್ಮಲ್ಲಿಯೇ ನಡೆಯಿತು. ಕಿಟಕಿ ಮುಚ್ಚಿತ್ತು, ಬಾಗಿಲಿಗೆ ಕಂಬಳಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಬೆಳಗೂ ಬೈಗೂ ಸಾಂಬ್ರಾಣಿಯ ದಟ್ಟವಾದ ಹೊಗೆ. ಹತ್ತೊಂಬತ್ತನೆಯ ರಾತ್ರಿ ಕೂಸು ಹಾಲು ಬಿಟ್ಟಿತು, ಉಸಿರು ಮೇಲುಮೇಲಾಯಿತು, ತುಟಿಗಳು ನೀಲಿಗಟ್ಟಿದವು. ಕರೆತಂದ ವೈದ್ಯರು ತಮ್ಮ ಚೀಲವನ್ನು ತೆರೆಯುವುದಕ್ಕೆ ಮೊದಲು ಗೋಣಿತಟ್ಟನ್ನು ಕಿತ್ತೆಸೆದರು; ಅನಂತರವೇ ಕೂಸನ್ನು ಕೈಗೆತ್ತಿಕೊಂಡರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮಗು ಉಳಿಯಿತು. ಆಗ ನಾವು ಶಾಲೆಯಲ್ಲಿ ಕುಮಾರಸಂಭವವನ್ನು ಪಾಠ ಹೇಳುತ್ತಿದ್ದೆವು. ಮನೆಯ ಕುಮಾರಿಗೆ ಗಾಳಿ ಬೇಕೆಂಬುದು ಮಾತ್ರ ನಮಗೆ ತೋಚಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆಂದೂ, ಅದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದುದರಿಂದ ಮಲಗಿದವರಿಗೆ ಅದರ ಸುಳಿವೇ ಹತ್ತುವುದಿಲ್ಲವೆಂದೂ ಆ ವೈದ್ಯರಿಂದಲೇ ತಿಳಿದೆವು.

ಆಮೇಲೆ ಪ್ರಾಯಶ್ಚಿತ್ತವೆಂಬಂತೆ ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ತೆಗೆದು ಓದಿದೆವು. ಓದಿ ನಾಚಿದೆವು. ಕೂಸಿನ ಕೋಣೆಗೆ ಅಲ್ಲಿ ಕುಮಾರಾಗಾರವೆಂದು ಹೆಸರು. ವಾಸ್ತುವಿದ್ಯೆಯನ್ನು ಬಲ್ಲವನು ಅದನ್ನು ಕಟ್ಟಬೇಕು; ಅದು ರಮ್ಯವಾಗಿರಬೇಕು, ದೃಢವಾಗಿರಬೇಕು, ಕತ್ತಲೆಯಿಲ್ಲದಿರಬೇಕು; ಬಿರುಗಾಳಿ ನುಗ್ಗಬಾರದು, ಆದರೆ ಒಂದು ಕಡೆಯಿಂದ ಗಾಳಿಯಾಡುತ್ತಿರಬೇಕು; ಇಲಿ, ಹುಳುಹುಪ್ಪಟೆ, ಕಚ್ಚುವ ಪ್ರಾಣಿಗಳು ಸುಳಿಯಬಾರದು. ಹಾಸಿಗೆ ಹೊದಿಕೆಗಳು ಮೃದುವಾಗಿ, ಹಗುರವಾಗಿ, ಶುಚಿಯಾಗಿ ಇರಬೇಕು. ಬೆವರು ಮಲಮೂತ್ರಗಳಿಂದ ಕೆಟ್ಟವನ್ನು ತ್ಯಜಿಸಬೇಕು. ಬೇರೆಯವು ಇಲ್ಲದಿದ್ದರೆ ಅವನ್ನೇ ಚೆನ್ನಾಗಿ ಒಗೆದು, ಧೂಪ ಹಾಕಿ, ಒಣಗಿಸಿ ಬಳಸಬೇಕು. ಪೂರ್ವಿಕರ ಹೆಸರಿನಲ್ಲಿ ನಾವು ಮುಚ್ಚಿದ ಕಿಟಕಿಯನ್ನು ಪೂರ್ವಿಕರೇ ತೆರೆದಿಟ್ಟಿದ್ದರು!

ಧೂಪದ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಯವೆ, ಸಾಸಿವೆ, ಅಗಸೆ, ಇಂಗು, ಗುಗ್ಗುಳ, ಬಜೆ ಮೊದಲಾದವುಗಳ ಧೂಪವನ್ನು ಗ್ರಂಥವು ಹೇಳಿರುವುದು ಬಟ್ಟೆ, ಹಾಸಿಗೆ, ಹೊದಿಕೆಗಳಿಗೆ. ಕೂಸಿನ ಮೂಗಿಗಲ್ಲ. ಈ ಭಾಗವನ್ನು ಮೊನ್ನೆ ತಾಯಿಯವರಿಗೆ ಓದಿ ಅರ್ಥ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಂದು ಕೂಸಿಗೆ ಹಾಗಾದದ್ದು ನನ್ನಿಂದಲೇ ಏನಪ್ಪಾ?” ಎಂದರು. ನಾವು ಇಂಥ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. “ಓದಿಕೊಂಡಿದ್ದವನು ನಾನು ತಾನೇ ಅಮ್ಮಾ” ಎಂದಷ್ಟೇ ಹೇಳಿದೆವು. ಬಟ್ಟೆಗಳಿಗೆ ಹಿತ್ತಿಲಿನಲ್ಲಿ ಧೂಪ ಹಾಕುವುದು, ಆರಿದಮೇಲೆ ಕೊಡವಿ ಒಳಗೆ ತರುವುದು ಎಂದು ಈಗ ಒಪ್ಪಂದವಾಗಿದೆ. ಸೊಳ್ಳೆಬತ್ತಿಯನ್ನೂ ಬಹಿಷ್ಕರಿಸಿದ್ದೇವೆ, ಅದೂ ಹೊಗೆಯೇ. ಅದಕ್ಕೆ ಬದಲು ಒಳ್ಳೆಯ ಸೊಳ್ಳೆಪರದೆ.

ಆದಾಗ್ಯೂ ತಾಯಿಯವರ ಭಯವು ನಿರಾಧಾರವಾದುದಲ್ಲ. ನವಜಾತ ಶಿಶುವಿನ ಮೈಶಾಖವು ಬಹು ಬೇಗ ಇಳಿದುಹೋಗುತ್ತದೆ. ಚಳಿಗಾಳಿಯು ನೇರವಾಗಿ ಬಡಿಯುವುದು ಅಪಾಯಕರವೇ ಸರಿ. ಆದುದರಿಂದ ಮಂಚವನ್ನು ಕಿಟಕಿಯ ನೇರದಿಂದ ಸರಿಸಿ ಒಳಮೂಲೆಗೆ ಹಾಕಿಸಿದ್ದೇವೆ. ಬೆಳಕಿಗೆ ಇನ್ನೊಂದು ಪ್ರಯೋಜನವಿದೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಅನೇಕ ಶಿಶುಗಳಿಗೆ ಕಾಮಾಲೆಯ ಛಾಯೆ ಕಾಣಿಸಿಕೊಳ್ಳುವುದುಂಟು. ಬಹುಮಟ್ಟಿಗೆ ಅದು ತಾನಾಗಿ ಇಳಿಯುತ್ತದೆ. ಕೆಲವು ವೇಳೆ ವಿಪರೀತಕ್ಕೆ ಏರಿ ಮೆದುಳಿಗೆ ಕೇಡು ಮಾಡುತ್ತದೆ. ಕತ್ತಲೆಯ ಕೋಣೆಯಲ್ಲಿ ಮಗುವಿನ ಮೈ ಹಳದಿಯೋ ಕೆಂಪೋ ಯಾರು ಕಂಡಾರು? ಹಗಲಿನ ಬೆಳಕಿನಲ್ಲಿ ದಿನವೂ ನೋಡಬೇಕು. ಹಳದಿ ಕಂಡರೆ ಬಿಸಿಲು ಕಾಯಿಸಿ ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು.

ಇನ್ನು ಬಣ್ಣದ ವಿಚಾರ. ಹಳೆಯ ಕಾಲದ ಎಣ್ಣೆಬಣ್ಣಗಳಲ್ಲಿ ಸೀಸವು ಹೇರಳವಾಗಿರುತ್ತಿತ್ತು. ಅದು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ವಿಷ. ನಮ್ಮ ದೇಶದಲ್ಲಿ 2016ರಲ್ಲಿ ನಿಯಮವನ್ನು ಹೊರಡಿಸಿ, ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ವಿಧಿಸಿದರು. 2017ರ ನವೆಂಬರಿನಿಂದ ಅದು ಜಾರಿಗೆ ಬಂದಿತು. ಹೊಸ ಡಬ್ಬಿಯಲ್ಲಿ ಸೀಸದ ಪ್ರಮಾಣವನ್ನು ಓದಿ ಕೊಳ್ಳಬಹುದು. ಹೆದರಬೇಕಾದುದು ಕಿಟಕಿ ಬಾಗಿಲುಗಳ ಮೇಲಿನ ಹಳೆಯ ಪದರಕ್ಕೆ. ಅದನ್ನು ಒಣಗಿದಂತೆಯೇ ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ. ನೀರು ಹಚ್ಚಿ ಒದ್ದೆಯಾಗಿಯೇ ಕೆರೆಯಬೇಕು, ಗರ್ಭಿಣಿಯೂ ಮಕ್ಕಳೂ ಆಗ ಮನೆಯಲ್ಲಿಯೇ ಇರಬಾರದು. ನಾವಂತೂ ಗೋಡೆಗೆ ಸುಣ್ಣವನ್ನೇ ಬಳಿಸಿದೆವು. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಯಬಾರದೆಂದು ತಾಯಿಯವರು ಆಕ್ಷೇಪಿಸಿದರು. ಸುಣ್ಣವು ಕುಲಾವಿಯಲ್ಲವೆಂದು ನಾವು ವಾದಿಸಿ ಗೆದ್ದೆವು. ತರ್ಕಶಾಸ್ತ್ರವು ಗೃಹಕೃತ್ಯದಲ್ಲಿ ಉಪಯೋಗಕ್ಕೆ ಬಂದುದು ಬಹುಶಃ ಇದೊಂದೇ ಸಲ.

ಅಳಿಯಂದಿರ ಆನೆಗಳ ವಿಷಯ ಹೀಗಿದೆ: ಹಸುಗೂಸಿನ ದೃಷ್ಟಿಯು ಸ್ಪಷ್ಟವಾಗಿ ನಾಟುವುದು ಎಂಟರಿಂದ ಹನ್ನೆರಡು ಅಂಗುಲದಷ್ಟು ದೂರಕ್ಕೆ ಮಾತ್ರ, ಎಂದರೆ ಹಾಲು ಕುಡಿಯುವಾಗ ತಾಯಿಯ ಮುಖವಿರುವಷ್ಟು ದೂರಕ್ಕೆ. ಎದುರು ಗೋಡೆಯ ಆನೆಗಳನ್ನು ನೋಡಿ ಆನಂದಿಸುವವರು ದೊಡ್ಡವರೇ.

ದಿಂಬುಗಳೂ ಕರಡಿಯೂ ನಿರುಪಯುಕ್ತ ಮಾತ್ರವಲ್ಲ, ಅಪಾಯಕರ. ಶಿಶುವನ್ನು ಬೋರಲಾಗಿಯಾಗಲಿ ಮಗ್ಗುಲಾಗಿಯಾಗಲಿ ಮಲಗಿಸದೆ ಅಂಗಾತವಾಗಿಯೇ ಮಲಗಿಸಬೇಕು; ಬೋರಲಾಗಿ ಮಲಗಿಸಬಾರದೆಂದು ಅಮೆರಿಕೆಯ ಮಕ್ಕಳ ವೈದ್ಯರ ಸಂಸ್ಥೆಯು 1992ರಲ್ಲಿ ಬೋಧಿಸಿತು. ಅದು ರೂಢಿಗೆ ಬಂದಮೇಲೆ ಅಲ್ಲಿ ನಿದ್ರೆಯಲ್ಲಿಯೇ ಅಸುನೀಗುತ್ತಿದ್ದ ಕೂಸುಗಳ ಸಂಖ್ಯೆಯು ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಾಸಿಗೆಯು ಬಿಗಿಯಾಗಿ, ಸಮವಾಗಿ ಇರಬೇಕು; ಮುಖಕ್ಕೆ ಮುಚ್ಚಿಕೊಳ್ಳಬಹುದಾದ ಮೆತ್ತನೆಯ ವಸ್ತು ಯಾವುದೂ ಹತ್ತಿರವಿರಬಾರದು. ಮಂಚಕ್ಕೆ ಸರಳುಗಳಿದ್ದರೆ ಅವುಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದಿರಬಾರದು. ಮಗುವಿಗೆ ಬೇರೆಯೇ ಒಂದು ಕೋಣೆಯನ್ನು ಮಾಡುವುದು ಪಶ್ಚಿಮದವರ ಪದ್ಧತಿ. ಈಗ ಅಲ್ಲಿನ ವೈದ್ಯರೇ ಮೊದಲ ಆರು ತಿಂಗಳಾದರೂ ತಾಯಿಯ ಕೋಣೆಯಲ್ಲಿ, ಆದರೆ ಪ್ರತ್ಯೇಕವಾದ ಹಾಸಿಗೆಯಲ್ಲಿ ಮಗು ಮಲಗಲಿ ಎನ್ನುತ್ತಾರೆ. ಬಾಣಂತಿಯ ಕೋಣೆಯೇ ಕೂಸಿನ ಕೋಣೆಯಾಗಿರುವ ನಮ್ಮ ರೂಢಿಯು ಈ ಅಂಶದಲ್ಲಿ ಸರಿಯಾಗಿಯೇ ಇದೆ.

ತೊಟ್ಟಿಲು ನಮ್ಮ ಅಜ್ಜಿಯ ಕಾಲದ್ದು, ಕಲಘಟಗಿಯದು. ಧಾರವಾಡ ಜಿಲ್ಲೆಯ ಆ ಊರಿನ ಬಣ್ಣದ ತೊಟ್ಟಿಲುಗಳ ಕೀರ್ತಿಯು ನಾಡಿನ ಹೆಂಗಸರ ಹಾಡುಗಳಲ್ಲೆಲ್ಲ ಹಬ್ಬಿದೆ. ಅಟ್ಟದಿಂದ ಇಳಿಸಿ ನೋಡಿದರೆ ಕೃಷ್ಣನ ಬಾಲಲೀಲೆಯ ಚಿತ್ರಗಳು ಮಾಸಿದ್ದರೂ ಮರವು ಗಟ್ಟಿಯಾಗಿದೆ. ಸರಪಳಿಯ ಒಂದು ಕೊಂಡಿ ಸವೆದಿತ್ತು, ಬದಲಾಯಿಸಿದೆವು. ತೊಲೆಯ ಕೊಕ್ಕೆಗೆ ಒಂದು ಮೂಟೆ ಅಕ್ಕಿಯನ್ನು ಇಡೀ ದಿನ ತೂಗುಹಾಕಿ ಪರೀಕ್ಷಿಸಿದೆವು. ನಾಮಕರಣದ ದಿನ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗುವ ಶಾಸ್ತ್ರವೂ ಮೂಲದಲ್ಲಿ ಇಂಥ ಪರೀಕ್ಷೆಯೇ ಆಗಿದ್ದಿತೋ ಏನೋ! ರಾತ್ರಿಯ ನಿದ್ರೆಗೆ ಮಾತ್ರ ತೊಟ್ಟಿಲಲ್ಲ, ಸಮತಟ್ಟಾದ ಹಾಸಿಗೆಯೇ ಎಂದು ಗೊತ್ತುಮಾಡಿದ್ದೇವೆ.

ಆಟಿಕೆಗಳ ಬಗ್ಗೆಯೂ ಚರಕನು ಮಾತನಾಡಿದ್ದಾನೆ. ಅವು ವಿಚಿತ್ರವಾಗಿ, ಸದ್ದು ಮಾಡುವಂಥವಾಗಿ, ಮನೋಹರವಾಗಿ ಇರಬೇಕು. ಭಾರವಾಗಿರಬಾರದು, ಮೊನಚಾಗಿರಬಾರದು, ಬಾಯೊಳಗೆ ಹೋಗುವಷ್ಟು ಚಿಕ್ಕದಾಗಿರಬಾರದು, ಮಗುವನ್ನು ಹೆದರಿಸಬಾರದು. ಸರ್ಕಾರವು 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆಯನ್ನು ಕಡ್ಡಾಯ ಮಾಡಿದಾಗ ನಮಗೆ ಈ ಮಾತುಗಳೇ ನೆನಪಾದವು. ನಾವು ಕೊಂಡುದು ಚನ್ನಪಟ್ಟಣದ ಒಂದು ಗಿಲಕಿ ಮಾತ್ರ. ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ಉಜ್ಜುವ ಕಾವಿನಿಂದಲೇ ಕರಗಿಸಿ ಹಿಡಿಸಿದ ವಸ್ತು.

ಅಳಿಯಂದಿರು ಕಳುಹಿಸಿದ ಆನೆಗಳು ಸುರುಳಿಯಾಗಿಯೇ ಅಟ್ಟದ ಮೇಲಿವೆ. ಕರಡಿಯು ನಡುಮನೆಯ ಕುರ್ಚಿಯಲ್ಲಿ ಕುಳಿತಿದೆ. ಬಂದ ನೆಂಟರೊಬ್ಬರು ಮುಸ್ಸಂಜೆಯಲ್ಲಿ ಅದಕ್ಕೆ ನಮಸ್ಕಾರ ಮಾಡಿದರು. ತಾಯಿಯವರು ನಿನ್ನೆ ಊರುಗೋಲನ್ನೂರಿ ಆ ಕೋಣೆಗೆ ಹೋಗಿ ಕಿಟಕಿಯ ಅಗುಳಿಯನ್ನು ತಾವೇ ಎರಡು ಮೂರು ಬಾರಿ ಎಳೆದು ನೋಡಿದರು. ಬಿಗಿಯಾಗಿದೆ, ಒಂದು ತೊಟ್ಟು ಎಣ್ಣೆ ಬಿಡಿಸು ಎಂದರು.